ಅಪ್ಪನ ಫೋನಿಗೆ ಬಾರದ ಅಲರ್ಟು

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಗೊತ್ತಿರಲಿಲ್ಲ ಅನ್ಬೇಡಿ. ನೀವು ಓದ್ತಾ ಇರೋದು ಅಂತಿಂಥವನ ಕಥೆ ಅಲ್ಲ. ನಲವತ್ತೆರಡು ಸಾವಿರ ಫೋನುಗಳು ಒಂದೇ ಸಲ ಬಾಯಿ ಬಡ್ಕೊಳ್ಳೋ ಹಾಗೆ ಮಾಡಿದವನ ಕಥೆ. ಅದೂ ಒಂದೇ ಬೆರಳಲ್ಲಿ. ಬೇರೆ ಹೀರೋಗಳು ಕೈ ಎತ್ತಿದ್ರೆ ಹತ್ತು ಜನ ಬೀಳ್ತಾರೆ. ನಾನು ಬೆರಳು ಇಟ್ರೆ ಇಡೀ ಊರು ಎದ್ದು ಕೂರತ್ತೆ. ವಿಲನ್ ಯಾರು ಗೊತ್ತಾ? ಗ್ಯಾಸು. ಮುಖ ಇಲ್ಲ, ಮೀಸೆ ಇಲ್ಲ, ಕಾರಿಂದ ಒಂದು ಕಾಲು ಮಾತ್ರ ಹೊರಗಿಡೋ ಬಿಲ್ಡಪ್ಪೂ ಇಲ್ಲ. ಬಂತು, ನನ್ನ ನೋಡ್ತು, ಬಾಲ ಮುದುರ್ಕೊಂಡು ಹೋಯ್ತು.

ಶಿಳ್ಳೆ ಆಮೇಲೆ ಹೊಡೀರಿ. ಮೊದಲು ನನ್ನ ಎಂಟ್ರಿ ಆಗಲಿ.

ಆಫೀಸಿನ ಮೂರನೇ ಮಹಡೀಲಿ, ಲಿಫ್ಟ್ ಪಕ್ಕ, ಕಿಟಕಿ ಇಲ್ಲದ ಒಂದು ರೂಮು. ಗೋಡೆ ತುಂಬಾ ಊರಿನ ಮ್ಯಾಪು, ಅದರ ಮೇಲೆ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಮೊಬೈಲ್ ಟವರು. ಬೆಂಕಿ, ಪ್ರವಾಹ, ಬಿರುಗಾಳಿ, ಏನೇ ಬಂದ್ರೂ ಜನರ ಫೋನಿಗೆ ಅಲರ್ಟ್ ಹೋಗೋದು ಇಲ್ಲಿಂದಲೇ. ನಿಮಗೂ ಒಂದ್ಸಲ ಬಂದಿರತ್ತೆ. ಫೋನು ಇದ್ದಕ್ಕಿದ್ದ ಹಾಗೆ ಸೈರನ್ ಥರ ಕಿರುಚಿ, ನಡುಗಿ, ಪರದೆ ತುಂಬಾ ಮೆಸೇಜು ಬಂದು, ನೀವು ಗಾಬರೀಲಿ ಫೋನನ್ನ ಬಕೆಟ್ಟಿಗೆ ಬೀಳಿಸಿ, "ಯಾವನೋ ಅವನು" ಅಂತ ಬೈದಿರ್ತೀರಲ್ಲ? ನಮಸ್ಕಾರ. ಅವನು ನಾನೇ.

ನಮಗೆ ಯಾರ ನಂಬರೂ ಬೇಕಿಲ್ಲ. ಮ್ಯಾಪ್ ಮೇಲೆ ಒಂದು ಗೆರೆ ಸುತ್ತಿದ್ರೆ ಮುಗೀತು. ಗೆರೆ ಒಳಗಿರೋ ಟವರೆಲ್ಲ ಒಟ್ಟಿಗೆ ಕೂಗತ್ತೆ, ಅದರ ಕೆಳಗಿರೋ ಫೋನೆಲ್ಲ ಕೇಳಿಸ್ಕೊಳ್ಳತ್ತೆ. ಲೈನ್ ಜಾಮ್ ಆಗಿ ಕಾಲ್ ಹೋಗದೇ ಇದ್ರೂ ಇದು ಮಾತ್ರ ಹೋಗತ್ತೆ.

ರೂಮಲ್ಲಿ ನಾವು ಮೂರು ಜನ. ಟೈಪ್ ಮಾಡೋನು ನಾನು. ಅದನ್ನ ಓದಿ ಒಪ್ಪಿಗೆ ಬಟನ್ ಒತ್ತೋರು ನಮ್ಮ ಮೇಡಂ. ಜೀವಮಾನದಲ್ಲಿ ಒಂದ್ಸಲಾನೂ ದನಿ ಏರಿಸಿದವರಲ್ಲ, ಅದಕ್ಕೆ ಅವರಿಗೆ ನಾನಿಟ್ಟ ಹೆಸರು ಸೈಲೆಂಟ್ ಮೋಡ್. ಮೂರನೆಯವರು ಟವರಣ್ಣ. ಫೈರ್ ಸ್ಟೇಷನ್ನು, ಪೊಲೀಸು, ಮೊಬೈಲ್ ಕಂಪನಿ, ಎಲ್ಲರ ಜೊತೆ ಲ್ಯಾಂಡ್‌ಲೈನಲ್ಲಿ ಮಾತಾಡೋದು ಅವರ ಕೆಲಸ. ಟವರ್ ನೋಡ್ಕೊಳ್ತಾರೆ ಅಂತ ಆ ಹೆಸರು ಬಂತು ಅಂದ್ಕೋಬೇಡಿ. ಬಾಗಿಲಲ್ಲಿ ಬಗ್ಗಿ ಒಳಗೆ ಬರ್ತಾರೆ.

ಅಲರ್ಟಲ್ಲಿ ಎರಡು ಥರ. ಲೆವೆಲ್ ಟೂ ಅಂದ್ರೆ ಸದ್ದು ಜೋರಾಗೇ ಇರತ್ತೆ, ಆದ್ರೆ ಬೇಡ ಅನ್ನೋರು ಸೆಟ್ಟಿಂಗಿಗೆ ಹೋಗಿ ಆಫ್ ಮಾಡ್ಕೋಬಹುದು. ಲೆವೆಲ್ ಒನ್ ಅಂದ್ರೆ ಆಫೂ ಇಲ್ಲ ಗೀಫೂ ಇಲ್ಲ. ಫೋನಲ್ಲಿ ಜೀವ ಇದ್ರೆ ಅದು ಕೂಗಲೇಬೇಕು. ಅದಕ್ಕೆ ದೊಡ್ಡ ಸಾಹೇಬರ ಒಪ್ಪಿಗೆ ಬೇಕು. ನಾನು ಸೇರಿ ಎಂಟು ತಿಂಗಳಾಗಿತ್ತು, ಲೆವೆಲ್ ಒನ್ ಹೋಗಿದ್ದನ್ನ ಕಣ್ಣಲ್ಲಿ ನೋಡಿರಲಿಲ್ಲ.

ತಿಂಗಳಿಗೊಂದು ಟೆಸ್ಟ್ ಮಾಡ್ತೀವಿ, ಒಂದೇ ಒಂದು ಟವರಿಗೆ. ಯಾವ ಟವರು ಅನ್ನೋದು ಟೈಪ್ ಮಾಡೋನ ಇಷ್ಟ. ಮೇಡಂ ಮೆಸೇಜಿನ ಒಂದೊಂದು ಅಕ್ಷರ ಓದ್ತಾರೆ, ಒತ್ತು ತಪ್ಪಿದ್ರೆ ವಾಪಸ್ ಕಳಿಸ್ತಾರೆ, ಆದ್ರೆ ಚುಕ್ಕಿ ಯಾವುದು ಅಂತ ನೋಡಲ್ಲ. ಇಂಥಾ ಆಟಿಕೆ ನನ್ನಂಥವನ ಕೈಗೆ ಕೊಟ್ರೆ ಏನಾಗತ್ತೆ ಹೇಳಿ?

ನಮ್ಮಪ್ಪಂದು ಕಟಿಂಗ್ ಶಾಪು. ಐಸ್ ಫ್ಯಾಕ್ಟರಿ ಹಿಂದಿನ ಬೀದೀಲಿ, ಒಂದು ತಿರುಗೋ ಕುರ್ಚಿ, ಎರಡು ಕನ್ನಡಿ, ಒಂದು ಬೆಂಚು. ಜಗತ್ತಲ್ಲಿ ಯಾವುದಕ್ಕೂ ಬೆಚ್ಚಿ ಬೀಳದ ಮನುಷ್ಯ. ಚಿಕ್ಕವನಿದ್ದಾಗಿಂದ ಟ್ರೈ ಮಾಡಿದೀನಿ. ಬಾಗಿಲ ಹಿಂದೆ ನಿಂತು "ಭೌ" ಅಂದಿದೀನಿ, ರಬ್ಬರ್ ಹಲ್ಲಿ ಇಟ್ಟಿದೀನಿ, ಸತ್ತ ಹಾಗೆ ನಟಿಸಿದೀನಿ. "ಎದ್ದು ಹಲ್ಲುಜ್ಜು, ಸತ್ತೋರ ಬಾಯಿ ಇಷ್ಟು ನಾರಲ್ಲ" ಅಂದ್ಬಿಟ್ಟಿದ್ದ.

ಹಾಗಾಗಿ ಹೋದ ತಿಂಗಳ ಟೆಸ್ಟನ್ನ ನಾನು ಅಪ್ಪನ ಬೀದಿ ಟವರಿಗೆ ಬಿಟ್ಟೆ. ಬೆಳಗ್ಗೆ ಹನ್ನೊಂದು ಗಂಟೆ. "ಇವತ್ತು ನೀನು ಎಗರ್ತೀಯ ಅಪ್ಪಾ, ಎಗರಿ ಫ್ಯಾನಿಗೆ ತಲೆ ಹೊಡ್ಕೊಳ್ತೀಯ" ಅಂತ ಮನಸಲ್ಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕ್ಕೊಂಡು ಕೂತಿದ್ದೆ.

ಸಾಯಂಕಾಲ ಮನೆಗೆ ಹೋದ್ರೆ ಅಪ್ಪ ನಲ್ಲಿ ಕೆಳಗೆ ರೇಜರ್ ಹಿಡ್ಕೊಂಡು ನಿಂತಿದ್ದ. ತೊಳೀತಾನೇ ಇದ್ದ.

"ಅಷ್ಟೊಂದು ಯಾಕಪ್ಪ ತೊಳೀತೀಯ, ಸವೆದು ಹೋಗತ್ತೆ" ಅಂದೆ.

"ಒಬ್ಬರಿಗೆ ಕುಯ್ದುಬಿಟ್ಟೆ ಕಣೋ."

"ಏನು?"

"ಕಿವಿ ಕೆಳಗೆ. ನೊರೆ ಹಾಕಿ ಬ್ಲೇಡು ಇಟ್ಟಿದ್ದೆ, ಬೆಂಚಿನ ಮೇಲಿದ್ದೋರ ಫೋನು, ಜೇಬಲ್ಲಿದ್ದ ನನ್ನ ಫೋನು, ಎಲ್ಲಾ ಒಟ್ಟಿಗೆ ಕೂಗಿಬಿಡ್ತು. ಕೈ ಜಾರ್ತು. ಮೂವತ್ತು ವರ್ಷ ಆಯ್ತು ಅಂಗಡಿ ಇಟ್ಟು. ಮೊದಲನೇ ರಕ್ತ." ಕೈ ತೋರಿಸಿದ. ಇನ್ನೂ ನಡುಗ್ತಿತ್ತು. "ಆ ಟೆಸ್ಟು ಎಲ್ಲಿಗೆ ಬಿಡೋದು ಅಂತ ಯಾರು ಆರಿಸೋದು, ನಿಮ್ಮ ಆಫೀಸಲ್ಲಿ?"

"ಕಂಪ್ಯೂಟರ್ ಆರಿಸತ್ತೆ" ಅಂದೆ. ಆಟೋಮ್ಯಾಟಿಕ್ಕಾಗಿ ಬಾಯಿಗೆ ಬಂತು.

ಪಾಪ ಅನ್ನಿಸ್ತು. ಅಪ್ಪನ ಫೋನು ತಗೊಂಡು ಸೆಟ್ಟಿಂಗಿಗೆ ಹೋಗಿ ಅಲರ್ಟ್ ಆಫ್ ಮಾಡಿದೆ. "ಇನ್ಮೇಲೆ ನಿನಗೆ ಈ ಟೆಸ್ಟಿನ ಕಾಟ ಇಲ್ಲ ಬಿಡು." ಅಪ್ಪ ಸುಮ್ನಿರ್ತಾನಾ? ಮಾರನೇ ದಿನವೇ ಬೀದಿಯವರನ್ನೆಲ್ಲ ಸಾಲಾಗಿ ಕೂರಿಸಿದ. ಟೈಲರು, ಬೇಕರಿಯವರು, ಸೈಕಲ್ ರಿಪೇರಿಯವರು, ಅವರ ಹೆಂಡತಿ. "ನಮ್ಮುಡುಗ ಅದೇ ಆಫೀಸಲ್ಲಿರೋದು, ನಿಮಿಷದಲ್ಲಿ ಸರಿ ಮಾಡ್ತಾನೆ." ಒಟ್ಟು ಹನ್ನೊಂದು ಫೋನು. ಎಲ್ಲವನ್ನೂ ಆಫ್ ಮಾಡಿದೆ. ಬೇಕರಿಯವರು ಬೆನ್ನು ತಟ್ಟಿ ಬಿಸ್ಕತ್ತು ಕೊಟ್ರು, ತಿಂದೆ.

ಇಲ್ಲಿಗೆ ಕಾಮಿಡಿ ಟ್ರ್ಯಾಕ್ ಮುಗೀತು.

ಮೊನ್ನೆ ಗುರುವಾರ. ಹನ್ನೊಂದೂ ಕಾಲಿಗೆ ಟವರಣ್ಣನ ಲ್ಯಾಂಡ್‌ಲೈನ್ ಹೊಡ್ಕೊಳ್ತು. ಅವರು ಒಂದು ಕಿವೀಲಿ ಕೇಳಿಸ್ಕೊಳ್ತಾ ಇನ್ನೊಂದು ಕೈಯಲ್ಲಿ ಬರ್ಕೊಳ್ತಾ ಇದ್ರು. ಬರೆಯೋ ಕೈ ನಿಂತುಹೋಯ್ತು.

"ಐಸ್ ಫ್ಯಾಕ್ಟರಿ. ಅಮೋನಿಯಾ. ಪೈಪು ಒಡೆದಿದೆ."

"ಗಾಳಿ ಯಾವ ಕಡೆಗಿದೆ?" ಅಂದ್ರು ಮೇಡಂ, ಟೀ ಬೇಕಾ ಅಂತ ಕೇಳೋ ದನೀಲಿ.

"ಹಿಂದಿನ ಬೀದಿ ಕಡೆಗೆ."

ನನ್ನ ಬೆರಳು ಟೈಪ್ ಮಾಡ್ತಿತ್ತು, ತಲೆ ಎಲ್ಲೋ ಇತ್ತು. ಅಮೋನಿಯಾ ಸೋರಿಕೆ. ಹೊರಗೆ ಬರಬೇಡಿ. ಬಾಗಿಲು, ಕಿಟಕಿ ಮುಚ್ಚಿ. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ. ಮುಂದಿನ ಸೂಚನೆವರೆಗೆ ಒಳಗೇ ಇರಿ. ಮ್ಯಾಪ್ ಮೇಲೆ ಗೆರೆ ಸುತ್ತಿದೆ. ಗೆರೆಯ ಮಧ್ಯದಲ್ಲಿ ಅಪ್ಪನ ಬೀದಿಯ ಚುಕ್ಕಿ. ಫ್ಯಾಕ್ಟರಿ ಸೋರಿಕೆಗೆ ರೂಲ್ಸ್ ಪ್ರಕಾರ ಲೆವೆಲ್ ಟೂ. ಮೇಡಂ ಓದಿದ್ರು, ಒತ್ತಿದ್ರು. ಗಂಟೆ ಹನ್ನೊಂದು ಹದಿನೆಂಟು.

ನಮ್ಮ ರೂಮಿಗೆ ಸದ್ದು ಬರಲ್ಲ. ಚುಕ್ಕಿಗಳು ಹಸಿರಿಂದ ಕೆಂಪಾಗಿ ಮತ್ತೆ ಹಸಿರಾದ್ವು, ಅಷ್ಟೇ. ಹೋಯ್ತು ಅಂತ ಅರ್ಥ.

ಈಗ ನಿಮಗೆ ನಮ್ಮಪ್ಪನ ಒಂದು ಚಟ ಹೇಳಬೇಕು. ಬೀದೀಲಿ ಏನೇ ಗಲಾಟೆ ಆಗಲಿ, ಬಾಚಣಿಗೆ ಕೈಯಲ್ಲಿ ಹಿಡ್ಕೊಂಡೇ ಹೊರಗೆ ಬಂದು ಮೆಟ್ಟಿಲ ಮೇಲೆ ನಿಲ್ಲೋನು. ನಾಯಿ ಬೊಗಳಿದ್ರೂ ನಿಲ್ಲೋನು. ಫ್ಯಾಕ್ಟರಿ ವಾಸನೆ ಅವರಿಗೆಲ್ಲ ದಿನಾ ಇದ್ದಿದ್ದೇ. "ಐಸ್ ವಾಸನೆ" ಅಂತ ಹೆಸರು ಬೇರೆ ಇಟ್ಟಿದಾರೆ. ಇವತ್ತಿನ ವಾಸನೆ ಬೇರೆ ಅಂತ ಮೂಗು ಹೇಳೋ ಹೊತ್ತಿಗೆ ಕಣ್ಣು ಹೋಗಿರತ್ತೆ, ಉಸಿರು ಹೋಗಿರತ್ತೆ. ಇಡೀ ಊರು ಬಾಗಿಲು ಹಾಕ್ಕೊಳ್ತಾ ಇದೆ. ಆ ಬೀದೀಲಿ ಹನ್ನೊಂದು ಫೋನು ಜೇಬಲ್ಲಿ, ಕೌಂಟರ್ ಮೇಲೆ, ಎಣ್ಣೆ ಡಬ್ಬಿ ಪಕ್ಕದಲ್ಲಿ ಮಲಗಿದಾವೆ. ಮಲಗಿಸಿದ್ದು ನಾನು.

ಆಮೇಲೆ ಏನಾಯ್ತು ಕೇಳಿ. ಕುರ್ಚಿ ಹಿಂದಕ್ಕೆ ಒದ್ದು ಎದ್ದು ನಿಂತೆ. ಕುರ್ಚಿ ಹೋಗಿ ಗೋಡೆಗೆ ಬಡೀತು. "ಮೇಡಂ, ರೂಲ್ಸ್ ಪುಸ್ತಕ ಮುಚ್ಚಿ. ಲೆವೆಲ್ ಒನ್ ತೆಗೀರಿ" ಅಂದೆ. "ಸಾಹೇಬರ ಒಪ್ಪಿಗೆ ಬೇಕು" ಅಂದ್ರು. "ಗ್ಯಾಸು ಯಾರ ಒಪ್ಪಿಗೆ ಕೇಳ್ಕೊಂಡು ಬರ್ತಾ ಇಲ್ಲ ಮೇಡಂ" ಅಂದೆ. ಟವರಣ್ಣನ ಬಾಯಿ ತೆರ್ಕೊಂಡೇ ಇತ್ತು. ಟೈಪ್ ಮಾಡಿದೆ, ನಾನೇ ಒತ್ತಿದೆ. ನಲವತ್ತೆರಡು ಸಾವಿರ ಫೋನು ಒಂದೇ ಉಸಿರಲ್ಲಿ ಕೂಗಿದ್ವು. ಅಪ್ಪನ ಜೇಬಲ್ಲೂ ಕೂಗ್ತು. ಶಟರ್ ಎಳೆದ, ಟವೆಲ್ ಒದ್ದೆ ಮಾಡ್ದ, ಬಾಗಿಲ ಸಂದಿಗೆ ತುರುಕಿದ. ಬದುಕಿದ. ಶುಭಂ.

ಶುಭಂ ಬಂದ್ಮೇಲೆ ಥಿಯೇಟರಲ್ಲಿ ಲೈಟ್ ಹಾಕ್ತಾರಲ್ಲ, ಆಗಲೇ ತೊಂದರೆ. ಸೀಟಿನ ಕೆಳಗೆ ಬಿದ್ದಿರೋದೆಲ್ಲ ಕಾಣತ್ತೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಅಪ್ಪನ ಎರಡೂ ಕಣ್ಣಿಗೆ ಬಿಳಿ ಪಟ್ಟಿ. ಎಡಗಣ್ಣು ಪರವಾಗಿಲ್ಲ, ಬಲಗಣ್ಣಿನ ವಿಷಯ ಪಟ್ಟಿ ಬಿಚ್ಚಿದ ಮೇಲೆ ಹೇಳ್ತೀವಿ ಅಂದಿದಾರೆ ಡಾಕ್ಟ್ರು. ದನಿ ಒಡೆದುಹೋಗಿದೆ, ಮೂರು ಮಾತಿಗೊಮ್ಮೆ ಕೆಮ್ಮು. ಬೇಕರಿಯವರು ಕೆಳಗಿನ ವಾರ್ಡಲ್ಲಿ ಆಕ್ಸಿಜನ್ ಮೇಲಿದಾರೆ. ಮಿಕ್ಕವರನ್ನ ಮನೆಗೆ ಕಳಿಸಿದಾರೆ.

ಅಮ್ಮ ಮೂಲೇಲಿ ಸ್ಟೂಲ್ ಮೇಲೆ ಕೂತು ಮೂಸಂಬಿ ಸುಲೀತಾ ಇದ್ಲು. ಪಕ್ಕದ ಮಂಚದಲ್ಲಿ ಕಾಲು ಮುರ್ಕೊಂಡ ಒಬ್ಬ ಲಾರಿ ಡ್ರೈವರು.

ನನ್ನ ಚಪ್ಪಲಿ ಸದ್ದಿಗೇ ಅಪ್ಪ ತಲೆ ತಿರುಗಿಸಿದ. "ಬಂದ ನೋಡಿ! ಇವನೇ ಕಣ್ರೀ ನನ್ನ ಮಗ. ಬಟನ್ ಒತ್ತಿದ್ದು ಇವನೇ."

"ಓಹೋ, ಹೀರೋ ಇವರೇನಾ?" ಅಂದ್ರು ಡ್ರೈವರು. "ನಿನ್ನೆಯಿಂದ ನಿಮ್ಮಪ್ಪನ ಬಾಯಲ್ಲಿ ಬೇರೆ ಮಾತಿಲ್ಲ. ನರ್ಸಮ್ಮ ಇಂಜೆಕ್ಷನ್ ಕೊಡೋಕೆ ಬಂದ್ರೆ ಅವರಿಗೂ ಹೇಳ್ತಾರೆ."

"ಹೇಳೋ, ಅದೇ ಹೇಳೋ. ಕುರ್ಚಿ ಒದ್ದಿದ್ದು" ಅಂದ ಅಪ್ಪ.

ಹೇಳಿದೆ. ಕುರ್ಚಿ ಒದ್ದೆ, ಗ್ಯಾಸು ಒಪ್ಪಿಗೆ ಕೇಳ್ಕೊಂಡು ಬರಲ್ಲ ಅಂದೆ. ಡ್ರೈವರು ಮಂಚದ ಕಂಬಿ ಬಡಿದು "ಸೂಪರ್" ಅಂದ್ರು. ಅಪ್ಪ ಪಟ್ಟಿ ಕೆಳಗೆ ನಗ್ತಿದ್ದ. ಮುಖದಲ್ಲಿ ಬಾಯೊಂದೇ ಕಾಣ್ತಿತ್ತು.

"ಅಲ್ಲಾ, ಒಂದು ಡೌಟು" ಅಂದ್ರು ಡ್ರೈವರು. "ಮೊದಲ್ನೇ ಅಲರ್ಟು ನನಗೂ ಬಂತು, ಕಾಲು ಮುರ್ಕೊಳ್ಳೋಕೆ ಮುಂಚೆ. ಹೈವೇಲಿ ಗಾಡಿ ನಿಲ್ಸಿ ನೋಡ್ದೆ. ಎರಡನೇದು ಬರೋ ಹೊತ್ತಿಗೆ ನಾನು ಒಂದು ಟೀ ಕುಡಿದು ಮುಗಿಸಿದ್ದೆ. ಮಧ್ಯ ಎಷ್ಟು ಹೊತ್ತಾಯ್ತು?"

"ಒಂಬತ್ತು ನಿಮಿಷ" ಅಂದೆ.

"ಅಷ್ಟಾ?" ಅಂದ ಅಪ್ಪ. ಕೆಮ್ಮಿದ. "ಹೌದೇನೋ. ಮೊದ್ಲು ಕಣ್ಣುರಿ ಶುರುವಾಯ್ತು. ಎಲ್ಲಾ ಹೊರಗೇ ನಿಂತಿದ್ವಿ. ಟೈಲರು, ಏನೋ ಬಿಳೀ ಹೊಗೆ ಥರ ಬರ್ತಿದೆ ನೋಡ್ರೀ ಅಂದ್ರು, ನೋಡ್ತಾ ನಿಂತ್ವಿ. ಫ್ಯಾಕ್ಟರಿಯವರು ಏನೋ ತೊಳೀತಿರಬೇಕು ಅಂದೆ ನಾನು. ಏನಾದ್ರೂ ಅಪಾಯ ಇದ್ರೆ ನಮ್ಮುಡುಗ ಬಿಡ್ತಿದ್ನಾ, ಫೋನಿಗೆ ಬಂದಿರೋದು ಅಂತಾನೂ ಅಂದೆ. ಅದಕ್ಕೇ ಎಲ್ರೂ ಅಲ್ಲೇ ನಿಂತ್ರು." ಆಮೇಲೆ ತಲೆ ನನ್ನ ಕಡೆ ತಿರುಗಿಸಿದ. ಸರಿಯಾಗಿ ನಾನಿರೋ ಕಡೆಗಲ್ಲ, ಒಂದು ಗೇಣು ಪಕ್ಕಕ್ಕೆ. "ಅಲ್ವೇನೋ, ಎದ್ದ ತಕ್ಷಣ ಒತ್ತಿದೆ ಅಂತೀಯ. ಒಂಬತ್ತು ನಿಮಿಷ ಯಾಕಾಯ್ತು?"

ಅಮ್ಮ ಮೂಸಂಬಿ ಪಕ್ಕಕ್ಕಿಟ್ಟು ನನ್ನ ನೋಡಿದ್ಲು.

ನನ್ನ ಹತ್ರ ಡೈಲಾಗು ರೆಡಿ ಇತ್ತು. ಸಾಹೇಬರ ಫೋನು ಬಿಜಿ ಇತ್ತು ಅನ್ನಬಹುದಿತ್ತು. ಸಿಸ್ಟಂ ಹ್ಯಾಂಗ್ ಆಯ್ತು ಅನ್ನಬಹುದಿತ್ತು. ಕಂಪ್ಯೂಟರ್ ಮೇಲೆ ಹಾಕಿದ್ರೆ ಅಪ್ಪ ನಂಬ್ತಾನೆ ಅಂತ ಗೊತ್ತೇ ಇದೆ.

"ಅಪ್ಪಾ, ನಾನು ಎದ್ದೇ ಇಲ್ಲ" ಅಂದೆ.

"ಹಾಂ?"

"ಕೂತೇ ಇದ್ದೆ. ಕುರ್ಚಿ ಒದ್ದಿಲ್ಲ."

ಡ್ರೈವರು ಹೇಗೋ ಮಗ್ಗುಲಾಗಿ ಗೋಡೆ ಕಡೆ ಮುಖ ಮಾಡಿದ್ರು. ಒಳ್ಳೇ ಮನುಷ್ಯ.

ಹೇಳ್ದೆ. ಮೊದಲನೇ ಅಲರ್ಟು ಹೋದ ತಕ್ಷಣ ಮೇಜಿನ ಕೆಳಗೆ ಫೋನ್ ಹಿಡ್ಕೊಂಡು ನಿನಗೆ ಕಾಲ್ ಮಾಡ್ದೆ ಅಂತ. ಅಲರ್ಟ್ ನೋಡಿದವರೆಲ್ಲ ಒಬ್ಬರಿಗೊಬ್ಬರು ಫೋನ್ ಹಚ್ಚಿದ್ರು, ಲೈನೆಲ್ಲ ಜಾಮು. ಟುಂಯ್ ಟುಂಯ್ ಅಂತ ಸದ್ದು, ಕಟ್. ಮತ್ತೆ ಹಚ್ಚಿದೆ, ಕಟ್. ಟೈಲರಿಗೆ ಹಚ್ಚಿದೆ. ಬೇಕರಿಗೆ ಹಚ್ಚಿದೆ. ಒಟ್ಟು ಹತ್ತೊಂಬತ್ತು ಸಲ. ಮೇಡಂ ಕನ್ನಡಕದ ಮೇಲಿಂದ ನೋಡಿ, "ಯಾರಿಗೆ ಮಾಡ್ತಿದೀಯಪ್ಪ?" ಅಂದ್ರು.

"ಯಾರಿಗೂ ಇಲ್ಲ ಮೇಡಂ" ಅಂದೆ.

ಲೆವೆಲ್ ಒನ್ ಬಿಟ್ರೆ ನಿಮ್ಮ ಬೀದಿ ಫೋನಿಗೆಲ್ಲ ಬರತ್ತೆ ಅಂತ ನನಗೆ ಮೊದಲನೇ ನಿಮಿಷದಲ್ಲೇ ಗೊತ್ತಿತ್ತು. ಕೇಳೋದಕ್ಕೆ ಒಂದು ವಾಕ್ಯ ಸಾಕಿತ್ತು. ಆದ್ರೆ ಯಾಕೆ ಅಂತ ಮೇಡಂ ಕೇಳ್ತಾರೆ. ಹನ್ನೊಂದು ಫೋನು ಆಫ್ ಆಗಿದೆ ಅನ್ಬೇಕು. ಯಾರು ಮಾಡಿದ್ದು? ನಾನು. ಯಾಕೆ ಮಾಡ್ದೆ? ಟೆಸ್ಟಿಂದ ತೊಂದರೆ ಆಯ್ತು. ಆ ಬೀದಿಗೆ ಟೆಸ್ಟ್ ಬಿಟ್ಟಿದ್ದು ಯಾರು? ಅಷ್ಟೂ ಪ್ರಶ್ನೆ, ಅಷ್ಟೂ ಉತ್ತರ ತಲೇಲಿ ತಿರುಗ್ತಾ ಇತ್ತು. ಗೋಡೆ ಮೇಲೆ ಗಡಿಯಾರ ತಿರುಗ್ತಾ ಇತ್ತು. ಇನ್ನೊಂದ್ಸಲ ಟ್ರೈ ಮಾಡೋಣ, ಲೈನ್ ಸಿಕ್ಕಿದ್ರೆ ಯಾರಿಗೂ ಏನೂ ಹೇಳೋದೇ ಬೇಡ. ಇನ್ನೊಂದ್ಸಲ. ಇದೇ ಲಾಸ್ಟು.

ಅಷ್ಟರಲ್ಲಿ ಟವರಣ್ಣ ಲ್ಯಾಂಡ್‌ಲೈನ್ ಕೈಯಲ್ಲಿ ಮುಚ್ಚಿ ತಿರುಗಿದ್ರು. "ಮೇಡಂ, ಫೈರಿನವರು ಹೇಳ್ತಿದಾರೆ, ಹಿಂದಿನ ಬೀದೀಲಿ ಜನ ಹೊರಗೆ ನಿಂತು ನೋಡ್ತಾ ಇದಾರಂತೆ. ಗಾಡಿ ಆ ಕಡೆ ಹೋಗೋಕೆ ಆಗ್ತಿಲ್ಲವಂತೆ. ಅಲರ್ಟ್ ಹೋಗಿಲ್ವಾ ಅಂತ ಕೇಳ್ತಿದಾರೆ."

"ಟವರು ಹಸಿರಿದೆಯಲ್ಲ" ಅಂದ್ರು ಮೇಡಂ. ಎದ್ದು ಮ್ಯಾಪಿನ ಹತ್ರ ಹೋದ್ರು. ಆ ಚುಕ್ಕಿಯನ್ನ ಮೊದಲನೇ ಸಲ ಸರಿಯಾಗಿ ನೋಡಿದ್ರು. "ಹೋಗಿದೆ. ಮತ್ಯಾಕೆ ಹೊರಗಿದಾರೆ?"

ಆಗ ನಾನು ಅತ್ತೆ. ಹೇಳಿದ್ದಲ್ಲ, ಮೊದಲು ಅತ್ತಿದ್ದು. ಅಳು ನಿಂತ ಮೇಲೆ ಹೇಳಿದೆ, ಅದೂ ಅರ್ಧರ್ಧ. "ನಮ್ಮಪ್ಪ... ಸೆಟ್ಟಿಂಗು... ನಾನೇ ಆಫ್ ಮಾಡಿದ್ದು ಮೇಡಂ."

"ಎಷ್ಟು ಫೋನು?"

"ಹನ್ನೊಂದು."

"ನಿನಗೆ ಗೊತ್ತಿರೋದು ಹನ್ನೊಂದು" ಅಂದ್ರು. ಬೈಲಿಲ್ಲ. ದನೀನೂ ಏರಿಸಲಿಲ್ಲ. "ಟೈಪ್ ಮಾಡು, ಲೆವೆಲ್ ಒನ್."

ಕೀ ಮೇಲೆ ಕೈ ಇಟ್ಟೆ. ಬೆರಳು ಕೆಲಸ ಮಾಡ್ಲಿಲ್ಲ ಅಪ್ಪ. ನೀನು ರೇಜರ್ ತೊಳೀತಾ ಕೈ ತೋರಿಸಿದ್ಯಲ್ಲ, ಅದಕ್ಕಿಂತ ಜಾಸ್ತಿ ನಡುಗ್ತಿತ್ತು. ಮೇಡಂ ನನ್ನ ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿದ್ರು. ನಿಂತ್ಕೊಂಡೇ ಟೈಪ್ ಮಾಡಿದ್ರು. ಅವರಿಗೆ ಸರಿಯಾಗಿ ಬರಲ್ಲ, ಎರಡೇ ಬೆರಳು, ಒಂದೊಂದು ಅಕ್ಷರ ಹುಡುಕಿ ಹುಡುಕಿ. ಸಾಹೇಬರ ಫೋನಿಗೆ ಟವರಣ್ಣ ಎರಡು ಸಲ ಹಚ್ಚಿದ್ರು, ಎತ್ತಲಿಲ್ಲ. "ಆಮೇಲೆ ನಾನು ಉತ್ತರ ಕೊಡ್ತೀನಿ" ಅಂತ ಮೇಡಂ ಒತ್ತಿಬಿಟ್ರು. ಹನ್ನೊಂದು ಇಪ್ಪತ್ತೇಳು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು, "ಇವತ್ತು ಮನೇಲಿ ಹೇಳು" ಅಂದ್ರು.

ಮನೆಯವರಿಗೆ ನಾನು ಹೇಳಿದ್ದು ಕುರ್ಚಿ ಒದ್ದ ಕಥೆ. ಆಸ್ಪತ್ರೆ ಬಾಗಿಲಲ್ಲಿ ಅಮ್ಮ ಅಳ್ತಾ ನಿಂತಿದ್ಲು, ಏನಾದ್ರೂ ಹೇಳೋ ಅಂದ್ಲು, ಬಾಯಿಗೆ ಅದೇ ಬಂತು. ಅವಳು ಅಪ್ಪಂಗೆ ಹೇಳಿದ್ಲು. ಅಪ್ಪ ವಾರ್ಡಿಗೆಲ್ಲ ಹೇಳಿದ. ನಾನು ನಿಮಗೂ ಅದನ್ನೇ ಹೇಳಿದೆ.

ಅಪ್ಪ ಕೈ ಚಾಚಿದ. ಮಂಚದ ಅಂಚನ್ನ ತಡವಿ ತಡವಿ ನೋಡ್ತಿದ್ದ, ನನ್ನ ಕೈ ಹುಡುಕ್ತಿದ್ನೋ, ನೀರಿನ ಲೋಟ ಹುಡುಕ್ತಿದ್ನೋ ಗೊತ್ತಾಗ್ಲಿಲ್ಲ. ನಾನು ಕೈ ಕೊಡ್ಲಿಲ್ಲ. ಕೊಡೋ ಮುಂಚೆ ಇನ್ನೊಂದು ಬಾಕಿ ಇತ್ತು.

"ಟೆಸ್ಟನ್ನ ನಿನ್ನ ಬೀದಿಗೆ ಬಿಟ್ಟಿದ್ದು ಕಂಪ್ಯೂಟರ್ ಅಲ್ಲಪ್ಪ" ಅಂದೆ. "ನಾನೇ ಆರಿಸಿದ್ದು. ನೀನು ಬೆಚ್ಚಿ ಬೀಳ್ತೀಯಾ ನೋಡೋಣ ಅಂತ. ಆ ಒಂಬತ್ತು ನಿಮಿಷ ನಾನು ಹೆದರಿದ್ದು ಗ್ಯಾಸಿಗಲ್ಲ. ನಿನಗೆ ಇದು ಗೊತ್ತಾಗಿಬಿಡತ್ತಲ್ಲ ಅಂತ."